ಲೋಹದ ಮೇಲೆ ರೇಖೆಯನ್ನಿಳಿಸುವ ವಿದ್ಯೆ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠಕ್ಕೆ ಬೆಳ್ಳಿಯ ತಟ್ಟೆ, ತಂಬಿಗೆ, ಪಾದುಕೆ, ಕರಡಿಗೆಗಳನ್ನು ಅರ್ಪಿಸಿ ಅವುಗಳ ಮೇಲೆ ಮಠದ ಹೆಸರನ್ನೂ ಸಂವತ್ಸರವನ್ನೂ ಕೆತ್ತಿಸುವುದು ಭಕ್ತರ ರೂಢಿ. ಕೆತ್ತನೆಯನ್ನು ಎಲ್ಲರೂ ನೋಡಿ ಮೆಚ್ಚುವರು. ಉಳಿ ಮುಟ್ಟುವುದಕ್ಕೆ ಮೊದಲು ಆ ರೇಖೆಯು ಲೋಹದ ಮೇಲೆ ಹೇಗೆ ಇಳಿಯಿತೆಂದು ವಿಚಾರಿಸುವವರು ವಿರಳ. ಕೆತ್ತನೆಯ ಗುಣವೂ ದೋಷವೂ ಹುಟ್ಟುವುದು ಅಲ್ಲಿಯೇ ಆದುದರಿಂದ, ಆ ಪೂರ್ವಕ್ರಿಯೆಯನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸುವೆನು.

ನಮ್ಮ ನಾಡಿಗೆ ಈ ವಿಷಯ ಹೊಸದಲ್ಲ. ಶಾಸನಗಳಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆಯಾಗಿ ಬರುವುದನ್ನು ಪಂಡಿತರು ಬಲ್ಲರು. ಅಕ್ಷರಬಲ್ಲವನು ಬರೆದುಕೊಟ್ಟ ಪಾಠವನ್ನು ಕುಶಲಿಯು ಕೆತ್ತುತ್ತಿದ್ದನು. ಒಬ್ಬನದು ಪಾಠದ ಹೊಣೆ, ಇನ್ನೊಬ್ಬನದು ಉಳಿಯ ಹೊಣೆ. ಮಠಗಳಲ್ಲಿ ಕಾಪಾಡಿಕೊಂಡು ಬಂದ ಓಲೆಗರಿಗಳಲ್ಲಿಯೂ ಕಂಟದಿಂದ ಮೊದಲು ಗೀರಿ, ಬಳಿಕ ಮಸಿಯನ್ನು ತೊಡೆದು ಅಕ್ಷರವನ್ನು ಕಾಣಿಸುತ್ತಿದ್ದರು. ಗೀರಿದ್ದು ಕಾಣಬೇಕಾದರೆ ಬಣ್ಣದ ಭೇದ ಬೇಕೆಂಬ ತತ್ತ್ವವೇ ಲೋಹದ ಕೆಲಸಕ್ಕೂ ಮೂಲವಾದುದು.

ಬೀದರಿನ ಬಿದರಿ ಕೆಲಸವನ್ನು ನೋಡಿರಿ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರಸಿ ಪಾತ್ರೆಯನ್ನು ಎರಕಹೊಯ್ದು, ಉಜ್ಜಿ ನಯಮಾಡಿ, ಮೈಲುತುತ್ತದ ನೀರನ್ನು ತೊಡೆಯುವರು. ಮೈ ಕಪ್ಪಾಗುವುದು. ಆ ಕಪ್ಪಿನ ಮೇಲೆ ಲೋಹದ ಮೊನೆಯಿಂದ ಬಳ್ಳಿಯನ್ನೂ ಹೂವನ್ನೂ ಬರೆದರೆ ಗೆರೆಯು ಬೆಳ್ಳಗೆ ಕಾಣುವುದು. ಅದನ್ನನುಸರಿಸಿ ಕೆತ್ತಿ ಬೆಳ್ಳಿಯನ್ನು ಕೂರಿಸುವರು. ಈ ಕಪ್ಪು ಕೆತ್ತುವವನ ಕಣ್ಣಿಗಾಗಿ ಮಾತ್ರ. ಮುಂದೆ ಉಜ್ಜುವಾಗ ಹೋಗುವುದು. ಉಳಿಯುವ ಕಪ್ಪು ಕಡೆಯಲ್ಲಿ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬರುವುದು. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು ದೊರೆಯಿತು.

ಬೆಂಗಳೂರಿನಲ್ಲಿ ಆಭರಣದ ವ್ಯಾಪಾರಕ್ಕೆ ಹೆಸರಾದ ಬೀದಿಗಳಲ್ಲಿ ದಂಡಿನ ಕಮರ್ಷಿಯಲ್ ಸ್ಟ್ರೀಟ್ ಒಂದು. 1809ರಲ್ಲಿ ಬ್ರಿಟಿಷರ ದಂಡು ನೆಲೆಸಿದ ಬಳಿಕ ಬೆಳೆದ ಪ್ರದೇಶವದು. 1869ರಲ್ಲಿ ಆರಂಭವಾದ ಸಿ. ಕೃಷ್ಣಯ್ಯ ಚೆಟ್ಟಿಯವರ ಅಂಗಡಿಯ ಹೆಸರು ಅಲ್ಲಿ ಪ್ರಸಿದ್ಧ. ಸಮೀಪದಲ್ಲಿಯೇ ಜ್ಯುವೆಲರ್ಸ್ ಸ್ಟ್ರೀಟ್ ಇರುವುದು. 1947ರ ಜುಲೈಯಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು; 1949ರಲ್ಲಿ ದಂಡು ಪೇಟೆಗಳೆರಡೂ ಒಂದೇ ಪೌರಾಡಳಿತಕ್ಕೆ ಸೇರಿದುವು. ಕನ್ನಡ, ತಮಿಳು, ಉರ್ದು, ಇಂಗ್ಲಿಷುಗಳು ಒಟ್ಟಿಗೆ ಕೇಳಿಬರುವ ಅಂಥ ಬೀದಿಯಲ್ಲಿ ಕೆತ್ತುವವನ ಕೈಗೆ ಎಲ್ಲ ಲಿಪಿಗಳೂ ಬರುವುವು. ಎಲ್ಲವನ್ನೂ ಅವನು ಓದಬಲ್ಲನೆಂದು ನಿರೀಕ್ಷಿಸಲಾಗದು. ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಇನ್ನು ಕ್ರಮವನ್ನು ಹೇಳುವೆನು. ಮೆರುಗಿನ ಬೆಳ್ಳಿಯ ಮೇಲೆ ಪೆನ್ಸಿಲು ನಿಲ್ಲದು; ಹೊಳಪಿನಿಂದ ಕಣ್ಣು ಕೋರೈಸುವುದು. ಆದುದರಿಂದ ಜಿಡ್ಡನ್ನು ತೆಗೆದು, ಸತುವಿನ ಬಿಳುಪನ್ನು ನೀರಿನಲ್ಲಿ ಕಲಸಿ, ಬೆರಳಿನಿಂದ ತೆಳುವಾಗಿ ತಟ್ಟಿ ಒಣಗಿಸುವರು. ಆ ಬಿಳಿಯ ಮೈಮೇಲೆ ಪೆನ್ಸಿಲಿನಿಂದ ಬರೆಯುವರು; ಅಥವಾ ತೆಳುಕಾಗದದ ಮೇಲಿನ ಚಿತ್ರವನ್ನು ಮಸಿಕಾಗದದ ಮೂಲಕ ಒತ್ತಿ ಇಳಿಸುವರು. ಬಳಿಕ ಉಕ್ಕಿನ ಮೊನೆಯಿಂದ ಹಗುರವಾಗಿ ಗೀರಿ ಬಿಳುಪನ್ನು ತೊಳೆದರೆ ಸೂಕ್ಷ್ಮವಾದ ಗೆರೆ ಮಾತ್ರ ಉಳಿಯುವುದು. ಆಮೇಲೆ ಪಾತ್ರೆಯನ್ನು ಅಲುಗದಂತೆ ನಿಲ್ಲಿಸಿ ಉಳಿಯನ್ನು ಹಿಡಿಯುವರು.

ಒಂದೇ ಚಿತ್ರ ಹತ್ತು ಬಟ್ಟಲುಗಳ ಮೇಲೆ ಬೇಕಾದಾಗ ಮತ್ತೊಂದು ಉಪಾಯವುಂಟು. ಮೊದಲನೆಯ ಕೆತ್ತನೆಯೊಳಗೆ ಅಚ್ಚಿನ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರಸಿ, ತೇವದ ಕಾಗದವನ್ನಿಟ್ಟು ಉಜ್ಜಿದರೆ ಕಾಗದದಲ್ಲಿ ಚಿತ್ರವು ತಿರುವುಮುರುವಾಗಿ ಬರುವುದು. ಅದನ್ನು ಎರಡನೆಯ ಬಟ್ಟಲಿಗೆ ಒತ್ತಿದರೆ ಮತ್ತೆ ನೇರವಾಗುವುದು. ಮುದ್ರೆಯುಂಗುರವನ್ನು ಕೆತ್ತುವಾಗಲಾದರೋ ಅಕ್ಷರವು ತಿರುಗಿಯೇ ಇರಬೇಕು. ಅದಕ್ಕೆ ತೆಳುಕಾಗದವನ್ನು ಮಗುಚಿ ಇಡುವರು. ಕರಡಿಗೆಯಂತಹ ಗುಂಡು ಮೈಯಲ್ಲಿ ಕಾಗದ ಸುಕ್ಕುಗಟ್ಟುವುದರಿಂದ, ಅಂಚನ್ನು ಅಲ್ಲಲ್ಲಿ ಸೀಳಿ ಕೂರಿಸಬೇಕು. ಇಲ್ಲವೆ ಕೈವಾರದಿಂದ ನಡುಗೆರೆಯನ್ನು ಹುಡುಕಿ, ನಡುವಿನ ಅಕ್ಷರದಿಂದ ಎರಡೂ ಕಡೆಗೆ ಬರೆಯುತ್ತ ಹೋಗಬೇಕು.

ಕನ್ನಡ ಲಿಪಿಗೆ ವಿಶೇಷವಾದ ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಎರಡು ಗೆರೆಗಳ ನಡುವಣ ಎಡೆ ಸಾಕು. ನಮಗೆ ಮೇಲೆ ಗುಣಿತಕ್ಕೂ ಕೆಳಗೆ ಒತ್ತಕ್ಷರಕ್ಕೂ ಎಡೆ ಬಿಡಬೇಕು. ಇದನ್ನು ಮರೆತರೆ ಒತ್ತಕ್ಷರವು ಅಂಚಿಗೆ ತಾಗಿ ಮುದುಡುವುದು. ಠಕಾರದೊಳಗಿನ ಬಿಂದುವನ್ನು ಧೂಳಿನ ಕಣವೆಂದು ಬಿಟ್ಟರೆ ಅದು ರಕಾರವಾಗುವುದು, ಶ್ರೀಮಠವು ಶ್ರೀಮರವಾಗುವುದು! ಷಕಾರದ ಒಳಗೆರೆ ತಪ್ಪಿದರೆ ಪಕಾರವಾಗುವುದು. ಬಿಳುಪಿನ ಮೇಲಿನ ತಪ್ಪನ್ನು ಒದ್ದೆ ಬಟ್ಟೆಯಿಂದ ಅಳಿಸಬಹುದು. ಬೆಳ್ಳಿಯೊಳಗಿನ ತಪ್ಪನ್ನು ಹೆರೆದು ತೆಗೆಯಲು ಹೊರಟರೆ ಪಾತ್ರೆಯೇ ಸವೆಯುವುದು.

ಈಗ ಲೇಸರ್ ಯಂತ್ರಗಳು ಬಂದಿರುವುವು. ಗಣಕಯಂತ್ರದಲ್ಲಿ ಬರೆದುದನ್ನು ಅವು ಕ್ಷಣಮಾತ್ರದಲ್ಲಿ ಮೂಡಿಸುವುವು. ಅವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಯಂತ್ರವೂ ಕೊಟ್ಟ ಪಾಠವನ್ನೇ ಬರೆಯುವುದು. ಗಣಕದಲ್ಲಿ ಒತ್ತಕ್ಷರ ಒಡೆದಿದ್ದರೆ ಬೆಳ್ಳಿಯಲ್ಲಿಯೂ ಒಡೆದೇ ಇರುವುದು. ಮೇಲಾಗಿ ವಿಭೂತಿಯಿಂದ ದಿನವೂ ಬೆಳಗುವ ಪಾತ್ರೆಯಲ್ಲಿ ತೆಳುಗೆರೆ ಬೇಗ ಸವೆಯುವುದು. ಉಳಿಯಿಂದ ಆಳವಾಗಿ ಕೊರೆದ ಗೆರೆ ಬಹುಕಾಲ ನಿಲ್ಲುವುದು.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಪಾಠವನ್ನು ಬಾಯಿಮಾತಿನಲ್ಲಿ ಹೇಳದೆ, ಅಕ್ಷರಬಲ್ಲವರಿಂದ ದಪ್ಪವಾಗಿ ಬರೆಯಿಸಿ ಒಯ್ಯಿರಿ. ರೇಖೆಯನ್ನಿಳಿಸಿದ ಮೇಲೆ, ಉಳಿ ಮುಟ್ಟುವ ಮೊದಲು, ಒಂದೊಂದಕ್ಷರವನ್ನೂ ನೀವೇ ಓದಿ ನೋಡಿರಿ. ಅದಕ್ಕಾಗಿ ಇನ್ನೊಂದು ದಿನ ಕಾಯಬೇಕಾದರೂ ಬೇಸರಪಡಬೇಡಿರಿ; ಕೈಕೆಲಸದವನನ್ನು ಅವಸರಪಡಿಸಬೇಡಿರಿ, ಅವನ ಕೂಲಿಯಲ್ಲಿ ಚೌಕಾಶಿ ಮಾಡಬೇಡಿರಿ. ಕೆಲಸ ದೊರೆತರಲ್ಲವೆ ಅವನ ಮಕ್ಕಳು ಆ ವಿದ್ಯೆಯನ್ನು ಕಲಿಯುವುದು? ಕಾಯಕವನ್ನು ಗೌರವಿಸುವ ನಮಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.