ರೆಕ್ಕೆಯ ಕೆಳಗಿನ ಕೆಲಸ



ವಾಯುಪಡೆ ಎಂದೊಡನೆ ನಮಗೆ ನೆನಪಾಗುವುದು ಪೈಲಟ್. ಆದರೆ ಯುದ್ಧವಿಮಾನ ನೆಲ ಬಿಡುವ ಮೊದಲು ಅದರ ಸುತ್ತ ಹಲವು ತಂತ್ರಜ್ಞರು ದುಡಿದಿರುತ್ತಾರೆ. ಅವರಲ್ಲಿ ವೆಪನ್ ಫಿಟ್ಟರ್ ಒಬ್ಬರು. ಬಾಂಬು, ರಾಕೆಟ್, ಕ್ಷಿಪಣಿಗಳನ್ನು ವಿಮಾನಕ್ಕೆ ಜೋಡಿಸುವುದು, ಬಳಸದೆ ಉಳಿದರೆ ಇಳಿಸುವುದು, ಅವುಗಳನ್ನು ಹಿಡಿದಿಡುವ ಕೊಕ್ಕೆಗಳನ್ನೂ ಬಿಡುಗಡೆ ಮಾಡುವ ವಿದ್ಯುತ್ ವ್ಯವಸ್ಥೆಯನ್ನೂ ಸುಸ್ಥಿತಿಯಲ್ಲಿಡುವುದು ಅವರ ಹೊಣೆ.

ಉಡುಪಿ, ಕಾಪು, ಕಾರ್ಕಳದ ಕಡೆಯ ಜಾತ್ರೆಗಳಲ್ಲಿ ಗರ್ನಾಲು ಸಿಡಿಸುವವರನ್ನು ನೀವು ಕಂಡಿರಬಹುದು. ಮದ್ದಿನ ಬಳಿ ಬೆಂಕಿ ತರಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಮೂಲನಿಯಮ ಅದೇ. ಆದರೆ ಇಲ್ಲಿ ಬೆಂಕಿ ಎಂದರೆ ಕಣ್ಣಿಗೆ ಕಾಣುವ ಕಿಡಿ ಮಾತ್ರವಲ್ಲ. ತಂತಿಯಲ್ಲಿ ದಾರಿತಪ್ಪಿ ಹರಿದ ವಿದ್ಯುತ್ತೂ ಬೆಂಕಿಯೇ, ಬಟ್ಟೆಯ ಉಜ್ಜಾಟದಿಂದ ಮೈಯಲ್ಲಿ ಸೇರಿದ ಸ್ಥಾಯೀ ವಿದ್ಯುತ್ತೂ ಬೆಂಕಿಯೇ. ಆದುದರಿಂದ ಮೊದಲು ವಿಮಾನಕ್ಕೆ ಭೂಸಂಪರ್ಕ ಕೊಡುತ್ತಾರೆ. ಆಯುಧದ ತಂತಿ ಜೋಡಿಸುವ ಮುನ್ನ ಅಲ್ಲಿ ವಿದ್ಯುತ್ ಇಲ್ಲವೆಂದು ಅಳೆದು ನೋಡುತ್ತಾರೆ. ಸುರಕ್ಷಾ ಪಿನ್ನುಗಳಿಗೆ ಕೆಂಪು ಪಟ್ಟಿ ಕಟ್ಟಿರುತ್ತದೆ. ಅವನ್ನು ಹಾರಾಟಕ್ಕೆ ಮೊದಲು ತೆಗೆದು ಎಣಿಸಬೇಕು. ಕೊನೆಗೆ, ಕೆಲಸ ಮಾಡಿದವರು ದಾಖಲೆಗೆ ಸಹಿ ಹಾಕಬೇಕು. ಆ ಸಹಿಯನ್ನು ನಂಬಿ ಪೈಲಟ್ ವಿಮಾನ ಏರುತ್ತಾನೆ.

ಈ ಶಿಸ್ತು ಏಕೆ? 1967ರ ಜುಲೈ 29ರಂದು ವಿಯೆಟ್ನಾಂ ಬಳಿಯ ಕಡಲಿನಲ್ಲಿ ಅಮೆರಿಕದ ವಿಮಾನವಾಹಕ ನೌಕೆ 'ಫಾರೆಸ್ಟಲ್' ಮೇಲೆ ಒಂದು ವಿಮಾನದ ರಾಕೆಟ್ ತಾನಾಗಿ ಹಾರಿತು. ಹೊರಗಿನ ವಿದ್ಯುತ್ತಿನಿಂದ ವಿಮಾನದ ಸ್ವಂತ ವಿದ್ಯುತ್ತಿಗೆ ಬದಲಾಯಿಸುವ ಕ್ಷಣ ಅದು. ರಾಕೆಟ್ ಎದುರಿನ ವಿಮಾನದ ಇಂಧನ ತೊಟ್ಟಿಗೆ ಬಡಿಯಿತು, ಬೆಂಕಿಯಲ್ಲಿ ಬಾಂಬುಗಳು ಸಿಡಿದವು. 134 ಮಂದಿ ಸತ್ತರು. ರಾಕೆಟ್ಟಿನ ತಂತಿಯನ್ನು ವಿಮಾನ ಹಾರುವ ಜಾಗಕ್ಕೆ ಬಂದ ಮೇಲಷ್ಟೇ ಜೋಡಿಸಬೇಕೆಂಬ ನಿಯಮವಿತ್ತು. ಸಮಯ ಉಳಿಸಲು ಅದನ್ನು ಮುಂಚೆಯೇ ಜೋಡಿಸುವ ರೂಢಿ ಬೆಳೆದಿತ್ತು. ಅವಸರ ಮಾಡುವವರಿಗೆ "ಇಲ್ಲ, ಈಗ ಆಗದು" ಎನ್ನುವ ಧೈರ್ಯವೂ ಈ ವೃತ್ತಿಯ ಒಂದು ಅರ್ಹತೆ.

ಮಣಿಪಾಲದಂಥ ಊರಿನಲ್ಲಿ ಇಂಜಿನಿಯರಿಂಗ್ ಪದವಿ ಓದುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೂ ವಾಯುಪಡೆಯ ತಾಂತ್ರಿಕ ಕೆಲಸಕ್ಕೆ ದಾರಿಯಿದೆ. 2022ರಿಂದ ಯೋಧರ ನೇಮಕ 'ಅಗ್ನಿವೀರವಾಯು' ಹೆಸರಿನಲ್ಲಿ ನಡೆಯುತ್ತಿದೆ. ವಿಜ್ಞಾನ ವಿಭಾಗಕ್ಕೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಓದಿ ಒಟ್ಟಾರೆ ಶೇ. 50, ಇಂಗ್ಲಿಷಿನಲ್ಲೂ ಶೇ. 50 ಅಂಕ ಪಡೆದಿರಬೇಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೊದಲಾದ ಡಿಪ್ಲೊಮಾದವರಿಗೂ ಅವಕಾಶವಿದೆ. ಅರ್ಜಿದಾರರು ಅವಿವಾಹಿತರಾಗಿರಬೇಕು. ಲಿಖಿತ ಪರೀಕ್ಷೆ, 1.6 ಕಿ.ಮೀ. ಓಟ, ವೈದ್ಯಕೀಯ ತಪಾಸಣೆ ದಾಟಬೇಕು. ಪ್ರಾಥಮಿಕ ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ. 2023ರಲ್ಲಿ ಹೆಣ್ಣುಮಕ್ಕಳ ಮೊದಲ ತಂಡವೂ ಅಲ್ಲಿ ತರಬೇತಿ ಮುಗಿಸಿತು.

ಆದರೆ ಸೇರುವ ಮೊದಲು ಮೂರು ಮಾತು ಮನೆಯವರೊಡನೆ ಕುಳಿತು ಯೋಚಿಸಿ. ಒಂದು, ಯಾವ ಕೆಲಸ ಕೊಡಬೇಕೆಂದು ನಿರ್ಧರಿಸುವುದು ವಾಯುಪಡೆ; ಆಯುಧ ವಿಭಾಗವೇ ಬೇಕೆಂದು ಹಟ ಹಿಡಿಯಲಾಗದು. ಎರಡು, ಅವಧಿ ನಾಲ್ಕು ವರ್ಷ. ಅನಂತರ ಕಾಯಂ ಸೇವೆಗೆ ಆಯ್ಕೆಯಾಗುವವರು ಹೆಚ್ಚೆಂದರೆ ಶೇ. 25. ಮೂರು, 2022ರ ಯೋಜನೆಯಂತೆ ತಿಂಗಳ ಸಂಬಳ ಮೊದಲ ವರ್ಷ 30,000, ನಾಲ್ಕನೆಯ ವರ್ಷ 40,000 ರೂಪಾಯಿ. ಇದರ ಶೇ. 30 ಸೇವಾನಿಧಿಗೆ ಹೋಗುತ್ತದೆ, ಸರಕಾರ ಅಷ್ಟೇ ಮೊತ್ತ ಸೇರಿಸುತ್ತದೆ. ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿ ಇಲ್ಲ.

ಹಾಗಾದರೆ ಹೊರಬಂದವರ ಕೈಯಲ್ಲಿ ಉಳಿಯುವುದೇನು? ಸೇವಾನಿಧಿಯ ಹಣ, ಜೊತೆಗೆ ಅಳತೆ ತಪ್ಪದ ಕೈಕೆಲಸ, ಬರೆದದ್ದಕ್ಕೆ ಬದ್ಧವಾಗುವ ಅಭ್ಯಾಸ. ಕಾರ್ಖಾನೆಯಲ್ಲಾಗಲಿ ವಿದ್ಯುತ್ ಸ್ಥಾವರದಲ್ಲಾಗಲಿ ಇವಕ್ಕೆ ಬೆಲೆಯಿದೆ. ಸೇವೆಯ ನಡುವೆಯೂ ಓದು ಕೈಬಿಡದಿದ್ದರೆ ಆ ಬೆಲೆ ಇನ್ನಷ್ಟು ಹೆಚ್ಚುತ್ತದೆ. ಇದನ್ನೆಲ್ಲ ತೂಗಿ ನೋಡಿ ನಿರ್ಧರಿಸಿ. ನಿಮಗೆ ಶುಭವಾಗಲಿ.