ಜ್ವರದ ಮೊದಲ ಗಂಟೆ

ಕ್ಯಾನ್ಸರ್ ಗುಣಪಡಿಸಲು ಕೊಡುವ ಔಷಧವೇ ಕೆಲವು ದಿನ ರೋಗಿಯನ್ನು ಸೋಂಕಿನ ಬಾಯಿಗೆ ಒಡ್ಡುತ್ತದೆ. ಬೇಗ ಬೇಗ ವಿಭಜನೆಗೊಳ್ಳುವ ಜೀವಕೋಶಗಳನ್ನು ಕೀಮೊಥೆರಪಿ ಕೊಲ್ಲುತ್ತದೆ. ಅಸ್ಥಿಮಜ್ಜೆಯ ಕೋಶಗಳೂ ಬಾಯಿ, ಕರುಳುಗಳ ಒಳಪೊರೆಯೂ ಅಂಥವೇ. ಕಾವಲು ಕಾಯುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುವ ಹೊತ್ತಿಗೇ ಕರುಳಿನ ಪೊರೆ ಹುಣ್ಣಾಗಿ, ಅಲ್ಲಿ ತಣ್ಣಗಿದ್ದ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ. ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಕಣಗಳ ಎಣಿಕೆ ತಳ ಮುಟ್ಟುತ್ತದೆ. ಅಷ್ಟರಲ್ಲಿ ರೋಗಿ ಊರಿಗೆ ಮರಳಿರುತ್ತಾನೆ. ಹಾಗಾಗಿ ಅವನ ಜ್ವರವನ್ನು ಮೊದಲು ಕಾಣುವವರು, ಪದವಿ ಪಡೆದು ತಾಲ್ಲೂಕು ಆಸ್ಪತ್ರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡುವ ಯುವ ವೈದ್ಯರು ಮತ್ತು ದಾದಿಯರು.

ನ್ಯೂಟ್ರೊಫಿಲ್ ಎಣಿಕೆ ಇಳಿದಷ್ಟೂ, ಇಳಿದೇ ಉಳಿದ ದಿನಗಳು ಹೆಚ್ಚಿದಷ್ಟೂ ಸೋಂಕು ಹೆಚ್ಚುತ್ತದೆಂದು 1966ರಲ್ಲಿ ಅಮೆರಿಕದ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಲ್ಯುಕೇಮಿಯಾ ರೋಗಿಗಳಲ್ಲಿ ತೋರಿಸಿದರು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾದರೆ ಅಪಾಯ, 100ಕ್ಕಿಂತ ಕಡಿಮೆಯಾದರೆ ಕಡು ಅಪಾಯ. ಕೀವು, ಊತ, ಕಫ ಬಹುಮಟ್ಟಿಗೆ ಈ ಕಣಗಳ ಹೋರಾಟದ ಗುರುತುಗಳು. ಕಣಗಳೇ ಇಲ್ಲದ ಮೈಯಲ್ಲಿ ಗಾಯ ಕೀವಾಗದು. ನ್ಯುಮೋನಿಯಾ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಬಹಳ ಸಲ ಜ್ವರವೊಂದೇ ಸುಳಿವು. ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಇಲ್ಲವೇ 38 ಡಿಗ್ರಿ ಒಂದು ಗಂಟೆ ನಿಂತರೆ ಅದು ತುರ್ತುಸ್ಥಿತಿ. ಅಂಗಡಿಯಿಂದ ತಂದ ಪ್ಯಾರಾಸಿಟಮಾಲ್ ಆ ಒಂದೇ ಸುಳಿವನ್ನೂ ಅಳಿಸಿಬಿಡುತ್ತದೆ. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರವೇ ಬಾರದಿರಬಹುದು; ಅವರಲ್ಲಿ ನಡುಕ, ಸುಸ್ತು, ರಕ್ತದೊತ್ತಡದ ಕುಸಿತವನ್ನೇ ಎಚ್ಚರಿಕೆಯೆಂದು ತಿಳಿಯಬೇಕು.

ಒಂದು ಕಾಲದಲ್ಲಿ, ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ವರದಿಗೆ ಕಾಯುವುದು ವಾಡಿಕೆಯಾಗಿತ್ತು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ವರದಿ ಬರುವ ಮೊದಲೇ ಹಲವರು ಸಾಯುತ್ತಿದ್ದರು. 1971ರಲ್ಲಿ ಸ್ಟೀಫನ್ ಶಿಂಫ್ ಮತ್ತು ಸಂಗಡಿಗರು ವರದಿಗೆ ಕಾಯದೆ ಕಾರ್ಬೆನಿಸಿಲಿನ್, ಜೆಂಟಾಮೈಸಿನ್ ಎಂಬ ಪ್ರತಿಜೀವಕಗಳ ಜೋಡಿಯನ್ನು ಕೊಟ್ಟು ಜೀವ ಉಳಿಸಬಹುದೆಂದು ತೋರಿಸಿದರು. ಇಂದಿನ ನಿಯಮಕ್ಕೂ ಅದೇ ತಳಹದಿ. ಎರಡು ಸೆಟ್ ರಕ್ತ ಕಲ್ಚರ್‌ಗೆ ತೆಗೆದು, ರೋಗಿ ಬಂದ 60 ನಿಮಿಷದೊಳಗೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಅಥವಾ ಸೆಫೆಪಿಮ್‌ನಂಥ ಔಷಧದ ಮೊದಲ ಡೋಸ್ ರಕ್ತನಾಳಕ್ಕೆ ಸೇರಬೇಕು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು, ಎನಿಮಾ ಕೊಡಬಾರದು. ಅಲ್ಲಿನ ಸಣ್ಣ ಗಾಯವೂ ಬ್ಯಾಕ್ಟೀರಿಯಾಗೆ ಬಾಗಿಲು.

ಬೇಗ ಆರಂಭಿಸುವಷ್ಟೇ ಮುಖ್ಯವಾದುದು ವಿವೇಚನೆ. ಭಾರತದ ಆಸ್ಪತ್ರೆಗಳಲ್ಲಿ ಈ. ಕೊಲೈ, ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗಳು ಕಾರ್ಬಪೆನಮ್ ಎಂಬ ಪ್ರಬಲ ಪ್ರತಿಜೀವಕಗಳಿಗೂ ಬಗ್ಗದಂತಾಗುತ್ತಿವೆ. ಆದ್ದರಿಂದ ಔಷಧದ ಆಯ್ಕೆ ಆಯಾ ಆಸ್ಪತ್ರೆಯ ಕಲ್ಚರ್ ದಾಖಲೆಗೆ ಹೊಂದಿಕೆಯಾಗಬೇಕು. ವರದಿ ಬಂದ ಮೇಲೆ ಅಗತ್ಯವಿಲ್ಲದ್ದನ್ನು ನಿಲ್ಲಿಸಬೇಕು. ನಾಲ್ಕರಿಂದ ಏಳು ದಿನ ಕಳೆದರೂ ಜ್ವರ ಬಿಡದಿದ್ದರೆ ಕ್ಯಾಂಡಿಡಾ, ಆಸ್ಪರ್ಜಿಲಸ್ ಶಿಲೀಂಧ್ರಗಳನ್ನು ಶಂಕಿಸಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು.

ತಡೆಗಟ್ಟುವಿಕೆಯಲ್ಲಿ ಮೊದಲ ಸ್ಥಾನ ಕೈತೊಳೆಯುವುದಕ್ಕೆ. ರೋಗಿಯನ್ನು ಮುಟ್ಟುವ ಮುನ್ನ, ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಕೊಳವೆಯನ್ನು ತೆರೆಯುವ ಮುನ್ನ ಅದು ತಪ್ಪಬಾರದು. ಬಿಸಿಬಿಸಿಯಾಗಿ ಬೇಯಿಸಿದ ಅನ್ನ, ಸಾರು, ಕಾಯಿಸಿ ಆರಿಸಿದ ನೀರು, ಮೆತ್ತನೆಯ ಬ್ರಷ್ ಸಾಕು. ಅತಿಯಾದ ಪಥ್ಯ ಸೋಂಕನ್ನು ತಡೆದ ಪುರಾವೆಯಿಲ್ಲ. ಒದ್ದೆ ಹುಲ್ಲಿನ ಬಣವೆ, ತಿಪ್ಪೆ, ಕಟ್ಟಡ ಕೆಡವುವ ಧೂಳಿನಲ್ಲಿ ಆಸ್ಪರ್ಜಿಲಸ್ ಬೀಜಕಣಗಳಿರುವುದರಿಂದ ರೋಗಿ ಅವುಗಳಿಂದ ದೂರವಿರಬೇಕು. ಜೀವಂತ ವೈರಾಣುವಿನ ಲಸಿಕೆ ಸಲ್ಲದು. ಮನೆಮಂದಿ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳುವುದು ಒಳ್ಳೆಯದು. ಕೀಮೊಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆಯಾಗಬೇಕು. ಮಲಗಿದ್ದ ವೈರಸ್ ಚಿಕಿತ್ಸೆಯ ವೇಳೆ ಎದ್ದು ಯಕೃತ್ತನ್ನು ಕೆಡಿಸಬಲ್ಲದು. ನ್ಯೂಟ್ರೊಫಿಲ್ ಇಳಿದು ಜ್ವರ ಬರುವ ಸಾಧ್ಯತೆ ಶೇಕಡಾ 20 ಮೀರುವ ಚಿಕಿತ್ಸೆಗಳಲ್ಲಿ ಮಜ್ಜೆಯನ್ನು ಪ್ರಚೋದಿಸುವ ಜಿ-ಸಿ.ಎಸ್.ಎಫ್. ಚುಚ್ಚುಮದ್ದು ಕೊಡಲಾಗುತ್ತದೆ.

ಬೀದರ್, ರಾಯಚೂರಿನ ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಒಂದು ರಾತ್ರಿಯ ದಾರಿ. ಅಷ್ಟು ಹೊತ್ತು ರಕ್ತದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಕಾಯುವುದಿಲ್ಲ. ಕೀಮೊ ಚೀಟಿ ಹಿಡಿದು ಜ್ವರದಿಂದ ಬಂದವರಿಗೆ ಹತ್ತಿರದ ಆಸ್ಪತ್ರೆಯಲ್ಲೇ ಕಲ್ಚರ್‌ಗೆ ರಕ್ತ ತೆಗೆದು, ಮೊದಲ ಡೋಸ್ ಕೊಟ್ಟು, ಕೊಟ್ಟ ಔಷಧ ಮತ್ತು ವೇಳೆಯನ್ನು ಚೀಟಿಯಲ್ಲಿ ಬರೆದು, ಆಮೇಲೆ ಆಂಬ್ಯುಲೆನ್ಸ್ ಹತ್ತಿಸಬೇಕು.