ಕಡಿಮೆ ಖರ್ಚಿನ ಕಾಲೇಜು ಓದು: ಯಾವುದು ಲೆಕ್ಕಕ್ಕೆ, ಯಾವುದು ಅಲ್ಲ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ನನಗೆ ಕೊಟ್ಟ ವಿಷಯ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಯುವಜನತೆ’. ಊಟವಾದ ಮೇಲೆ ಅದರ ಬಗ್ಗೆ ಮಾತಾಡಿದರೆ ನಿಮಗೂ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಹಾಗಾಗಿ ಅಧ್ಯಕ್ಷರ ಅಪ್ಪಣೆ ಪಡೆದು ವಿಷಯವನ್ನು ಸ್ವಲ್ಪ ಕಿರಿದು ಮಾಡಿಕೊಂಡಿದ್ದೇನೆ. ಫೋನಿನಲ್ಲಿ ಕೂತು ಕಡಿಮೆ ದುಡ್ಡಿನಲ್ಲಿ ಕಾಲೇಜು ಓದಬಹುದು ಎಂದು ದಿನಾ ಜಾಹೀರಾತು ಬರುತ್ತದಲ್ಲ, ಅದರಲ್ಲಿ ಯಾವುದು ನಿಜವಾಗಿ ಡಿಗ್ರಿಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಇದು ನಮ್ಮ ಮನೆಯಲ್ಲೇ ನಡೆದದ್ದು. ನನ್ನ ಚಿಕ್ಕಮ್ಮನ ಮಗಳು ಬಿಕಾಂ ಎರಡನೇ ವರ್ಷದಲ್ಲಿದ್ದಳು. ಚಿಕ್ಕಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುವವರು. ಒಂದು ದಿನ ಹುಡುಗಿಗೆ ಫೋನ್ ಬಂತು. ಆರು ತಿಂಗಳ ಆನ್‌ಲೈನ್ ಕೋರ್ಸು, ಯೂನಿವರ್ಸಿಟಿ ಸರ್ಟಿಫಿಕೇಟು, ಡಿಗ್ರಿಗೂ ಸೇರುತ್ತದೆ, ಕೆಲಸ ಗ್ಯಾರಂಟಿ, ಒಟ್ಟು 64 ಸಾವಿರ, ತಿಂಗಳ ಕಂತಿನಲ್ಲಿ ಕಟ್ಟಿದರೆ ಸಾಕು ಎಂದರು. ಕಂತು ಎಂದರೆ ಸಾಲ ಎಂದು ಆ ಕಡೆಯವರು ಹೇಳಲಿಲ್ಲ, ಈ ಕಡೆಯವರಿಗೆ ಹೊಳೆಯಲಿಲ್ಲ. ಕೋರ್ಸು ಮುಗಿಸಿ ಸರ್ಟಿಫಿಕೇಟು ಹಿಡಿದುಕೊಂಡು ಕಾಲೇಜಿನ ಆಫೀಸಿಗೆ ಹೋದಳು. ಅಲ್ಲಿನ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಬರೆಯಲು ಅಂಕಪಟ್ಟಿಯಲ್ಲಿ ಜಾಗವೇ ಇಲ್ಲ ಎಂದರು. ಆ ಸಂಜೆ ನನಗೆ ಫೋನ್ ಮಾಡಿದಳು. “ಅಣ್ಣ, ಇದನ್ನ್ ಎಲ್ಲ್ ಸೇರ್ಸುದ್?” ಮೊದಲೇ ಯಾಕೆ ಕೇಳಲಿಲ್ಲ ಎಂದೆ. “ನೀ ಕೆಲ್ಸದಗೆ ಇರ್ತೆ, ಅದ್ಕೆ ಕೇಣ್ಲಿಲ್ಲ” ಎಂದಳು. ಬೆಂಗಳೂರಿನಲ್ಲಿ ಕೂತು ಊರಿನ ಗುಂಪಿಗೆ ದಿನಾ ಶುಭೋದಯ ಕಳಿಸುವ ನನ್ನಂಥವರಿಗೆ ಈ ಉತ್ತರ ಸ್ವಲ್ಪ ತಾಗಬೇಕು. ನನಗೆ ತಾಗಿತು.

ಅವಳು ಕಲಿತದ್ದು ಸುಳ್ಳಲ್ಲ. ಪಾಠವೂ ತೀರಾ ಕೆಟ್ಟದ್ದಾಗಿರಲಿಲ್ಲ. ಆದರೆ ಸರ್ಟಿಫಿಕೇಟು ಬೇರೆ, ಕ್ರೆಡಿಟ್ ಬೇರೆ. ನಮ್ಮ ಹಾಲಿನ ಡೈರಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಹಾಲು ಕೊಂಡುಹೋಗಿ ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದರೆ ತಿಂಗಳ ಕೊನೆಗೆ ಅದು ಲೆಕ್ಕಕ್ಕೆ ಬರುತ್ತದೆ. ಅದೇ ಹಾಲನ್ನು ದಾರಿಯಲ್ಲಿ ಯಾರಿಗೋ ಕೊಟ್ಟು, ಒಳ್ಳೆಯ ಹಾಲು ಎಂದು ಚೀಟಿ ಬರೆಸಿಕೊಂಡು ಬಂದರೆ ಡೈರಿಯವರು ಆ ಚೀಟಿಗೆ ದುಡ್ಡು ಕೊಡುವುದಿಲ್ಲ. ಕ್ರೆಡಿಟ್ ಎಂದರೆ ಆ ಪುಸ್ತಕದಲ್ಲಿ ಬೀಳುವ ಅಂಕೆ. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಸೆಮಿಸ್ಟರ್ ನಡೆದರೆ ಸುಮಾರಾಗಿ ಒಂದು ಕ್ರೆಡಿಟ್. ಇಷ್ಟು ಕ್ರೆಡಿಟ್ ಕೂಡಿದರೆ ಡಿಗ್ರಿ.

ಕೆಲಸ ಮಾಡುತ್ತ ಕಡಿಮೆ ಖರ್ಚಿನಲ್ಲಿ ಓದುವುದು ನಮ್ಮ ಕರಾವಳಿಯವರಿಗೆ ಹೊಸತೇನಲ್ಲ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದವರು ಈ ಸಭೆಯಲ್ಲೇ ಇರಬಹುದು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅಂಥ ರಾತ್ರಿ ಶಾಲೆಗಳನ್ನು ನಡೆಸಿದವು. ಅಲ್ಲಿ ಓದಿದವರು ಯಾರೂ ಚೀಟಿಗಾಗಿ ಓದಲಿಲ್ಲ. ಕೊನೆಗೆ ಮೆಟ್ರಿಕ್ ಪರೀಕ್ಷೆಗೆ ಕೂತರು, ಆದ್ದರಿಂದ ಆ ಓದು ಲೆಕ್ಕಕ್ಕೆ ಬಂತು. ಈಗಿನ ಆನ್‌ಲೈನ್ ಓದಿಗೂ ನಾನು ಕೇಳುವುದು ಅದನ್ನೇ: ಕೊನೆಗೆ ಯಾರ ಪರೀಕ್ಷೆ, ಯಾರ ಪುಸ್ತಕ?

ಈಗಾಗಲೇ ಡಿಗ್ರಿಯಲ್ಲೋ ಇಂಜಿನಿಯರಿಂಗಿನಲ್ಲೋ ಇರುವ ಮಕ್ಕಳು ಮೊದಲು ನೋಡಬೇಕಾದದ್ದು ಸ್ವಯಂ. ಕೇಂದ್ರ ಸರ್ಕಾರ 2017ರ ಜುಲೈಯಲ್ಲಿ ಶುರು ಮಾಡಿದ್ದು. ಅದರೊಳಗೇ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸುಗಳೂ ಇವೆ. ನಾನು ಬಿಇ ಓದುವಾಗ ಎನ್‌ಪಿಟೆಲ್ ಪಾಠಗಳನ್ನು ಪೆನ್‌ಡ್ರೈವಿನಲ್ಲಿ ಒಬ್ಬರಿಂದೊಬ್ಬರು ಕಾಪಿ ಮಾಡಿಕೊಂಡು, ಪರೀಕ್ಷೆಯ ಹಿಂದಿನ ರಾತ್ರಿ ಎರಡರಷ್ಟು ವೇಗದಲ್ಲಿ ಓಡಿಸಿ ನೋಡುತ್ತಿದ್ದೆವು. ಆಗ ಅದಕ್ಕೆ ಕ್ರೆಡಿಟ್ ಇರಲಿಲ್ಲ. ಈಗ ಇದೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. 12 ವಾರದ ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್.

ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆಗೆ ಮಾತ್ರ ಶುಲ್ಕ. ಎನ್‌ಪಿಟೆಲಿಗೆ ಈಚಿನ ವರ್ಷಗಳಲ್ಲಿ ಒಂದು ಕೋರ್ಸಿಗೆ 1000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಅರ್ಧ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು: 25ಕ್ಕೆ 10, 75ಕ್ಕೆ 30. ಒಮ್ಮೆ ಒಬ್ಬರು ಹಿರಿಯರು ನನ್ನನ್ನು ಕೇಳಿದರು, “ಹ್ವಾಯ್, ಫ್ರೀ ಅಂದ್ರೆ ಅದ್ಕೆ ಮರ್ಯಾದಿ ಇತ್ತಾ?” ಆ 30 ಅಂಕ ತೆಗೆಯಲು ಕೂತು ನೋಡಿ, ಮರ್ಯಾದೆ ಎಷ್ಟಿದೆ ಎಂದು ಗೊತ್ತಾಗುತ್ತದೆ. ನಾನೇ 2019ರಲ್ಲಿ ಒಂದು ಕೋರ್ಸಿಗೆ ಹೆಸರು ಕೊಟ್ಟು ಮೂರನೇ ವಾರಕ್ಕೆ ಬಿಟ್ಟವನು. ಯಾರೂ ಬೈಯುವವರಿಲ್ಲದ ತರಗತಿ ಬಹಳ ಕಷ್ಟದ ತರಗತಿ.

ಇದರಲ್ಲಿ ಒಂದು ಸಿಕ್ಕು ಇದೆ, ಮಕ್ಕಳು ಬೀಳುವುದು ಅಲ್ಲೇ. ಯುಜಿಸಿ ‘ಕೊಡಬಹುದು’ ಎಂದಿದೆ. ಯಾವ ಕೋರ್ಸು ಯಾವ ವಿಷಯದ ಬದಲಿಗೆ ನಡೆಯುತ್ತದೆ ಎಂದು ನಿರ್ಧರಿಸುವುದು ನಿಮ್ಮ ವಿಶ್ವವಿದ್ಯಾಲಯ ಮತ್ತು ಕಾಲೇಜು. ಆದ್ದರಿಂದ ಕೋರ್ಸು ಮುಗಿಸಿ ಕೇಳುವುದಲ್ಲ, ಹೆಸರು ಕೊಡುವ ಮೊದಲೇ ಪ್ರಾಂಶುಪಾಲರಿಗೆ ಅರ್ಜಿ ಬರೆದು, ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಬೇಕು. ಬಾಯಿಮಾತು ನಡೆಯುವುದಿಲ್ಲ. ಡಿಜಿಲಾಕರ್ ಮೂಲಕ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸಿನ ಖಾತೆಯನ್ನೂ ತೆರೆಯಬೇಕು. 2021ರಲ್ಲಿ ಶುರುವಾದ ಈ ಬ್ಯಾಂಕಿನಲ್ಲಿ ದುಡ್ಡಿಲ್ಲ, ಕ್ರೆಡಿಟ್ ಇರುತ್ತದೆ. ಹೆಚ್ಚೆಂದರೆ ಏಳು ವರ್ಷ ಉಳಿಯುತ್ತದೆ. ಮದುವೆಯಾಗಿಯೋ ಮನೆಯ ತೊಂದರೆಯಿಂದಲೋ ಓದು ಅರ್ಧಕ್ಕೆ ನಿಂತ ಹೆಣ್ಣುಮಕ್ಕಳಿಗೆ ಇದು ದೊಡ್ಡ ವಿಷಯ. ಹಾಗೆ ನಿಂತವರು ನಮ್ಮ ಬ್ಯಾಚಿನಲ್ಲೇ ಎಷ್ಟು ಮಂದಿ ಎಂದು ಇಲ್ಲಿ ಕೂತವರಿಗೆ ಗೊತ್ತು.

ಎರಡನೆಯವರು, ಪಿಯುಸಿ ಮುಗಿಸಿ ಹೋಟೆಲು, ಬೇಕರಿ, ಬೋಟು, ಅಂಗಡಿ ಎಂದು ಕೆಲಸಕ್ಕೆ ಸೇರಿದವರು. ಅವರಿಗೆ ಬಿಡಿ ಕ್ರೆಡಿಟ್ ಪ್ರಯೋಜನವಿಲ್ಲ, ಇಡೀ ಡಿಗ್ರಿ ಬೇಕು. 1985ರಲ್ಲಿ ಹುಟ್ಟಿದ ಇಗ್ನೋ ಮತ್ತು 1996ರಲ್ಲಿ ಹುಟ್ಟಿದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವುದು ಇಂಥವರಿಗೇ. ಬಿಎ, ಬಿಕಾಂಗೆ ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವವರಿಗೆ ನಾನು ಹೇಳುವುದು ಮುಕ್ತ ವಿಶ್ವವಿದ್ಯಾನಿಲಯ. ಅದಕ್ಕೆ 2013ರ ನಂತರ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಅದಕ್ಕೇ ಹೇಳುವುದು, ಯಾವ ವಿಶ್ವವಿದ್ಯಾಲಯವೇ ಇರಲಿ, ದೊಡ್ಡ ಹೆಸರಿದೆ ಎಂದು ನಂಬಬೇಡಿ. ನೀವು ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರ ಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿ. ಮಾನ್ಯತೆ ಇದ್ದರೆ ಅದು ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಂಜಿನಿಯರಿಂಗ್, ನರ್ಸಿಂಗ್, ಫಿಸಿಯೋಥೆರಪಿ ಇಂಥವನ್ನು ಮನೆಯಲ್ಲೇ ಕೂತು ಮಾಡಿ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಅವುಗಳಿಗೆ ದೂರ ಶಿಕ್ಷಣ ಇಲ್ಲ. ಹಾಗೆ ಕೊಟ್ಟ ಇಂಜಿನಿಯರಿಂಗ್ ಡಿಗ್ರಿಗಳ ವಿಷಯ 2017ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅವರ ಪಾಡು ಕೆಟ್ಟಿತು.

ಇನ್ನು ಮೂರನೆಯದು, ಈ ಹತ್ತನೇ ತರಗತಿಯ ಮಕ್ಕಳು ಕಿವಿಗೊಡಬೇಕಾದದ್ದು. ಮದರಾಸಿನ ಐಐಟಿ 2020ರಲ್ಲಿ ಆನ್‌ಲೈನಿನಲ್ಲಿ ಡಾಟಾ ಸೈನ್ಸ್ ಡಿಗ್ರಿ ಶುರು ಮಾಡಿತು. ಈಗ ಅದರ ಹೆಸರು ಬಿಎಸ್. ಜೆಇಇ ಬರೆಯಬೇಕೆಂದಿಲ್ಲ. ನಾಲ್ಕು ವಾರ ಅವರೇ ಪಾಠ ಮಾಡಿ, ಆ ಪಾಠದ ಮೇಲೆಯೇ ಒಂದು ಅರ್ಹತಾ ಪರೀಕ್ಷೆ ಇಡುತ್ತಾರೆ. ಹತ್ತನೆಯಲ್ಲಿ ಗಣಿತ, ಇಂಗ್ಲಿಷು ಓದಿ ಹನ್ನೆರಡನೆಯದನ್ನು ಪಾಸಾದವರು ಕಲಾ ವಿಭಾಗದವರಾದರೂ ಬರೆಯಬಹುದು. ಇಡೀ ಡಿಗ್ರಿಗೆ ಮೂರು ಲಕ್ಷದ ಮೇಲಾಗುತ್ತದೆ, ಆದರೆ ಒಟ್ಟಿಗೆ ಕಟ್ಟಬೇಕಾಗಿಲ್ಲ, ತೆಗೆದುಕೊಂಡ ಕೋರ್ಸಿಗಷ್ಟೇ ಕಟ್ಟುವುದು. ಮನೆಯ ಆದಾಯ ಕಡಿಮೆ ಇದ್ದವರಿಗೆ ಶೇಕಡಾ 75ರವರೆಗೂ ರಿಯಾಯಿತಿ ಇದೆ. ನಡುವೆ ಬಿಟ್ಟರೂ ಹಂತಕ್ಕೆ ತಕ್ಕ ಡಿಪ್ಲೊಮಾ ಸಿಗುತ್ತದೆ. 2022ರಿಂದ ಎರಡು ಡಿಗ್ರಿ ಒಟ್ಟಿಗೆ ಮಾಡಲೂ ಯುಜಿಸಿ ಬಿಟ್ಟಿದೆ, ಹಾಗಾಗಿ ಕುಂದಾಪುರದಲ್ಲಿ ಬಿಕಾಂ ಮಾಡುತ್ತಲೇ ಇದನ್ನೂ ಓದಬಹುದು. ಆದರೆ ಇದು ಸುಲಭ ಎಂದು ನಾನು ಹೇಳುವುದಿಲ್ಲ. ಮೊದಲ ಹಂತದ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲೇ ಬಹಳ ಮಂದಿ ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಪಾಠ. ನಮ್ಮ ಶಾಲೆಯಿಂದ ಹೋದ ನನಗೆ ಬಿಇ ಮೊದಲ ವರ್ಷ ಏನಾಯಿತೋ ಅದೇ ಇಲ್ಲಿಯೂ ಆಗುತ್ತದೆ. ಆರು ತಿಂಗಳು ಕಿವಿಯಲ್ಲಿ ಬರೀ ಗುಂಯ್‌ಗುಟ್ಟುತ್ತದೆ, ಆಮೇಲೆ ಅರ್ಥವಾಗಲು ಶುರುವಾಗುತ್ತದೆ.

ವಿದೇಶದ ಕಂಪನಿಗಳ ಕೋರ್ಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋರ್ಸೆರಾದಂಥವು ಕಲಿಯಲು ಚೆನ್ನಾಗಿವೆ, ನಾನೂ ಕಲಿತಿದ್ದೇನೆ. ಕ್ರೆಡಿಟ್ ಸಿಗುತ್ತದೆಯೇ ಎಂಬುದು ಮಾತ್ರ ನಿಮ್ಮ ಕಾಲೇಜಿನ ಕೈಯಲ್ಲಿದೆ. ಅಮೆರಿಕದಲ್ಲಿ ಕ್ಲೆಪ್ ಎಂಬ ಪರೀಕ್ಷೆ ಇದೆ. ಸ್ವಂತ ಓದಿ ಪಾಸಾದರೆ ಅದನ್ನು ಒಪ್ಪುವ ಕಾಲೇಜುಗಳಲ್ಲಿ ಕ್ರೆಡಿಟ್ ಸಿಗುತ್ತದೆ. ಅಲ್ಲಿಯೂ ‘ಒಪ್ಪುವ ಕಾಲೇಜು’ ಎಂಬುದೇ ಮುಖ್ಯ ಮಾತು.

ಕೆಲಸ ಸಿಗುತ್ತದೆಯೇ ಎಂದು ಕೇಳುತ್ತೀರಿ. ಕಂಪನಿಯಲ್ಲಿ ಸಂದರ್ಶನಕ್ಕೆ ಕೂರುವವನಾಗಿ ಇದ್ದದ್ದನ್ನು ಹೇಳುತ್ತೇನೆ. ಕೆಲವು ಕಂಪನಿಗಳು ಇಂದಿಗೂ ಕಾಲೇಜಿಗೆ ಹೋಗಿ ಓದಿದವರನ್ನು ಮಾತ್ರ ಕರೆಯುತ್ತವೆ. ಕರೆದ ಮೇಲೆ ಮಾತ್ರ ನಾವು ಕೇಳುವುದು, ಏನು ಮಾಡಿದ್ದೀಯಾ ತೋರಿಸು ಎಂದು. ಆ ಬಾಗಿಲಿನವರೆಗೆ ಹೋಗಲು ಮಾನ್ಯತೆಯುಳ್ಳ ಒಂದು ಡಿಗ್ರಿ ಬೇಕೇ ಬೇಕು.

ಚಿಕ್ಕಮ್ಮನ ಮಗಳ ಕಥೆ ಅರ್ಧಕ್ಕೆ ಬಿಟ್ಟೆ. 64 ಸಾವಿರದಲ್ಲಿ ಒಂದು ರೂಪಾಯಿಯೂ ಹಿಂದೆ ಬರಲಿಲ್ಲ, ಕಂತು ಪೂರ್ತಿ ಕಟ್ಟಿದ್ದಾಯಿತು. ಮುಂದಿನ ಸೆಮಿಸ್ಟರಿನಲ್ಲಿ ಕಾಲೇಜಿನಿಂದ ಮೊದಲೇ ಒಪ್ಪಿಗೆ ಬರೆಸಿಕೊಂಡು ಎನ್‌ಪಿಟೆಲಿನ ಒಂದು ಕೋರ್ಸು ತೆಗೆದುಕೊಂಡಳು. ಮಳೆಗಾಲ, ಕರೆಂಟು ಹೋದರೆ ಎರಡು ದಿನ ಇಲ್ಲ. ನೆಟ್‌ವರ್ಕಿಗಾಗಿ ಗುಡ್ಡೆ ಹತ್ತಿ ಅಸೈನ್‌ಮೆಂಟ್ ಕಳಿಸಿದ್ದೂ ಇದೆ. ಪರೀಕ್ಷೆಗೆ ತಾಯಿ ಮಗಳು ಬೆಳಗಿನ ಮೊದಲ ಬಸ್ಸಿಗೆ ಮಂಗಳೂರಿಗೆ ಹೋದರು. ಚಿಕ್ಕಮ್ಮನಿಗೆ ಅಂದಿನ ಕೂಲಿ ಹೋಯಿತು. ಅಸೈನ್‌ಮೆಂಟಿನಲ್ಲಿ 17, ಪರೀಕ್ಷೆಯಲ್ಲಿ 41, ಒಟ್ಟು 58. ಅಂಕಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಮಹೋತ್ಸವ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಖರ್ಚು ಕಳೆದು ಉಳಿದ ಹಣದಲ್ಲಿ ಸ್ವಾಗತ ದ್ವಾರ ಕಟ್ಟಿಸುವ ಮಾತು ನಡೆಯುತ್ತಿದೆ. ದ್ವಾರ ಬೇಡ ಎನ್ನುವಷ್ಟು ದೊಡ್ಡವನು ನಾನಲ್ಲ. ಅದರಿಂದ ಒಂದು ಲಕ್ಷ ಬದಿಗಿಟ್ಟರೆ ಈ ಶಾಲೆಯಲ್ಲಿ ಓದಿಹೋದ ನೂರು ಮಕ್ಕಳ ಪರೀಕ್ಷಾ ಶುಲ್ಕವಾಗುತ್ತದೆ. ಶುಲ್ಕವನ್ನು ಮೊದಲೇ ಕೊಡುವುದು ಬೇಡ, ಪಾಸಾದವರಿಗೆ ರಶೀದಿ ನೋಡಿ ಹಿಂದೆ ಕೊಡೋಣ. ತೀರಾ ಕಷ್ಟ ಇದ್ದವರಿಗೆ ಮಾತ್ರ ಮುಂಚೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಕೋಣೆಯ ಬೀಗ ತೆಗೆಯಲು ಮುಖ್ಯೋಪಾಧ್ಯಾಯರು ಒಪ್ಪಿದರೆ, ಗುಡ್ಡೆ ಹತ್ತುವುದೂ ತಪ್ಪುತ್ತದೆ. ಮೊದಲ ಹತ್ತು ಮಕ್ಕಳದ್ದು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಕಾರ್ಯಕ್ರಮ ಮುಗಿದ ಮೇಲೆ ಸಂಜೆ ಯಕ್ಷಗಾನ ಶುರುವಾಗುವವರೆಗೆ ನಾನು ಒಂಬತ್ತನೇ ಬಿ ತರಗತಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಬರುವವರು ಹತ್ತನೆಯ ಅಂಕಪಟ್ಟಿ, ಆಧಾರ್ ಮತ್ತು ಆಧಾರಿಗೆ ಜೋಡಿಸಿದ ನಂಬರಿನ ಫೋನು ತನ್ನಿ. ಯಾರಾದರೂ ಕಂತಿನ ಕಾಗದಕ್ಕೆ ಸಹಿ ಹಾಕುವವರಿದ್ದರೆ, ಸಹಿ ಹಾಕುವ ಮೊದಲು ಆ ಕಾಗದವನ್ನೂ ತನ್ನಿ.